ನಿನ್ನೆ ಮೈಸೂರಿಗೆ ಹೋಗಿದ್ದೆ, ಹ್ಯಾಡ್ ಗಾನ್ ಯಾಕಲ್ಲ?

ಎಲ್ರಿಗೂ ನಮಸ್ಕಾರ. ಇಲ್ಲಿ ಕೂತಿರೋರಲ್ಲಿ ಹೆಚ್ಚಿನೋರು ಕನ್ನಡ ಮೀಡಿಯಂನಿಂದ ಬಂದು ಬೆಂಗಳೂರಲ್ಲಿ ಕೆಲ್ಸ ಹುಡುಕ್ತಿರೋರು, ಟೆನ್ಸ್ ಚಾರ್ಟ್ ಹತ್ತು ಸಲ ಬರ್ದು ಉಜ್ಜಿದ್ದೀರಿ, ಅದನ್ನ ಮತ್ತೆ ಬೋರ್ಡ್ ಮೇಲೆ ಬರೆಯಲ್ಲ. ನಾನು ಹೇಳೋದು ಒಂದೇ. ಹ್ಯಾವ್, ಹ್ಯಾಸ್, ಹ್ಯಾಡ್ ಬರೋ ಪರ್ಫೆಕ್ಟ್ ಟೆನ್ಸ್‌ನಲ್ಲಿ ನೀವು ತಪ್ಪೋದು ದಡ್ಡತನದಿಂದಲ್ಲ, ಕನ್ನಡ ಚೆನ್ನಾಗಿ ಬರೋದ್ರಿಂದ.

ನಮ್ಮ ಕ್ಲಾಸಲ್ಲಿ ಮಾಕ್ ಇಂಟರ್‌ವ್ಯೂ, ಅಂದ್ರೆ ಅಭ್ಯಾಸದ ಇಂಟರ್‌ವ್ಯೂ ನಡೀತಿತ್ತು. ತುಂಬಾ ಚುರುಕಾದ ಹುಡುಗಿ ಒಬ್ಬಳು, ನಿನ್ನೆ ಯಾಕಮ್ಮ ಬರ್ಲಿಲ್ಲ ಅಂದ್ರೆ ‘ಯೆಸ್ಟರ್‌ಡೇ ಐ ಹ್ಯಾಡ್ ಗಾನ್ ಟು ಮೈಸೂರು’ ಅಂದ್ಲು. ಪ್ರಶ್ನೆ ಕೇಳ್ತಿದ್ದ ನನ್ನ ಸ್ನೇಹಿತರು ಹೊರದೇಶದಲ್ಲಿ ಪಾಠ ಮಾಡಿ ಬಂದೋರು, ಮುಂದಕ್ಕೇನೋ ಹೇಳ್ತಾಳೆ ಅಂತ ಕಾಯ್ತಾ ಕೂತ್ರು, ಇವಳು ಹೇಳಿ ಮುಗೀತಲ್ಲ ಅಂತ ಸುಮ್ನೆ ಕೂತ್ಲು, ಇಬ್ರೂ ಒಬ್ರ ಮುಖ ಒಬ್ರು ನೋಡ್ತಾರೆ. ಕೊನೆಗೆ ಅವರು, ‘ಸರಿ, ಆಮೇಲೇನಾಯ್ತು?’ ‘ಏನೂ ಆಗ್ಲಿಲ್ಲ ಸಾರ್, ಬೆಟ್ಟ ನೋಡ್ಕೊಂಡು ವಾಪಸ್ ಬಂದೆ!’ ಕ್ಲಾಸಿಗೆ ಕ್ಲಾಸೇ ನಕ್ಕುಬಿಡ್ತು, ಅವಳೂ ನಕ್ಲು.

ಹ್ಯಾಡ್ ಬಂತು ಅಂದ್ರೆ ಕೇಳೋರು ಇನ್ನೊಂದು ಘಟನೆಗೆ ಕಾಯ್ತಾರೆ. ‘ವೆನ್ ಐ ರೀಚ್ಡ್ ಮೆಜೆಸ್ಟಿಕ್, ದ ಬಸ್ ಹ್ಯಾಡ್ ಲೆಫ್ಟ್.’ ಎರಡೂ ಆಗಿ ಹೋಗಿದ್ದೇ, ಮೊದಲು ಆಗಿದ್ದಕ್ಕೆ ಹ್ಯಾಡ್. ನಮ್ಮ ‘ಹೋಗಿದ್ದೆ’ಯಲ್ಲಿ ಹೋಗಿ ವಾಪಸ್ ಬಂದಿದ್ದೂ ಸೇರ್ಕೊಂಡಿರುತ್ತೆ, ಅಲ್ಲಿ ಇಂಗ್ಲಿಷ್‌ಗೆ ಬರೀ ‘ವೆಂಟ್’ ಸಾಕು. ಹುಡುಗಿ ದಡ್ಡಿನಾ? ಅಲ್ವೇ ಅಲ್ಲ.

ರೆಸ್ಯೂಮೆಲೂ ಇದೇ ಕಥೆ. ‘2019ರಲ್ಲಿ ಡಿಗ್ರಿ ಮುಗ್ಸಿದ್ದೀನಿ’ ಕನ್ನಡದಲ್ಲಿ ಸರಿ, ಆದ್ರೆ ‘ಹ್ಯಾವ್ ಕಂಪ್ಲೀಟೆಡ್ ಇನ್ 2019’ ಆಗಲ್ಲ, ಮುಗಿದ ವರ್ಷ ಹೇಳಿದ್ಮೇಲೆ ಹ್ಯಾವ್ ಬಿಟ್ಬಿಡಿ. ನಮ್ಮ ಮೆಟ್ರೊನೇ ತಗೊಳ್ಳಿ, 2011ರ ಅಕ್ಟೋಬರ್ 20ಕ್ಕೆ ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡ್‌ವರೆಗೆ ಶುರುವಾಯ್ತು, ಹಾಗಾಗಿ ‘ವಾಸ್ ಓಪನ್ಡ್ ಇನ್ 2011’. ಇವತ್ತಿಗೂ ಓಡ್ತಾ ಇದೆಯಲ್ಲ, ಅದಕ್ಕೆ ‘ಹ್ಯಾಸ್ ಬೀನ್ ರನ್ನಿಂಗ್ ಸಿನ್ಸ್ 2011’.

ಈ ‘ವಾಸ್ ಓಪನ್ಡ್’ ಪ್ಯಾಸಿವ್, ಅಂದ್ರೆ ಮಾಡಿದೋರನ್ನ ಹಿಂದಿಟ್ಟು ಆಗಿದ್ದನ್ನ ಮುಂದಿಡೋ ವಾಕ್ಯ. ಸ್ಕೂಲಲ್ಲಿ ರಾಮನಿಂದ ರಾವಣನು ಕೊಲ್ಲಲ್ಪಟ್ಟನು ಅಂತ ಉರು ಹೊಡೆಸ್ತಾರೆ, ಮನೇಲಿ ಯಾರಾದ್ರೂ ಹಂಗೆ ಮಾತಾಡ್ತಾರಾ? ವಾಕ್ಯ ತಿರುಗ್ಸೋದು ಕಲಿಸ್ತಾರೆ, ಯಾವಾಗ ಬೇಕು ಅಂತ ಕಲಿಸಲ್ಲ, ಇದು ನನಗೆ ನಿಜವಾಗ್ಲೂ ನೋವಿನ ವಿಷಯ. ಶಿವಾಜಿನಗರ ಬಸ್‌ನಲ್ಲಿ ಫೋನ್ ಹೋದ್ರೆ ‘ಫೋನ್ ಕದ್ದುಬಿಟ್ರು’ ಅಂತೀವಿ. ಯಾರು? ಗೊತ್ತಿಲ್ಲ, ಹೇಳೋದೂ ಇಲ್ಲ. ಇಂಗ್ಲಿಷಲ್ಲಿ ಅದೇ ‘ಮೈ ಫೋನ್ ವಾಸ್ ಸ್ಟೋಲನ್’, ಹಿಂದೆ ‘ಬೈ ಅ ಥೀಫ್’ ಅಂಟಿಸ್ಬೇಡಿ, ಕಳ್ಳನಲ್ದೆ ಇನ್ಯಾರು ಕದೀತಾರೆ! ಮತ್ತೆ ‘ಆಕ್ಸಿಡೆಂಟ್ ವಾಸ್ ಹ್ಯಾಪನ್ಡ್’ ಬೇಡ, ಹ್ಯಾಪನ್ ತಾನಾಗೇ ಆಗೋದು, ಅದಕ್ಕೆ ಪ್ಯಾಸಿವ್ ಇಲ್ಲ.

ಟೈಮ್ ಆಯ್ತು ಅಂತ ಅಧ್ಯಕ್ಷರು ಎರಡನೇ ಚೀಟಿ ಕಳ್ಸಿದ್ರು. ಫ್ಯೂಚರ್ ಪರ್ಫೆಕ್ಟ್ ಬಿಟ್ಬಿಡ್ತೀನಿ, ಇಂಟರ್‌ವ್ಯೂಲಿ ಅದು ಅಪರೂಪ. ಇದೊಂದು ಮಾತ್ರ ಬರ್ಕೊಳ್ಳಿ: ‘ಎರಡು ವರ್ಷದಿಂದ ಕೆಲ್ಸ ಮಾಡ್ತಿದ್ದೀನಿ’ ಅಂದ್ರೆ ‘ಐ ಆಮ್ ವರ್ಕಿಂಗ್ ಸಿನ್ಸ್ ಟೂ ಇಯರ್ಸ್’ ಅಲ್ಲ, ‘ಐ ಹ್ಯಾವ್ ಬೀನ್ ವರ್ಕಿಂಗ್ ಫಾರ್ ಟೂ ಇಯರ್ಸ್’. ಇಲ್ಲೂ ಕನ್ನಡದ ಲೆಕ್ಕವೇ, ದಡ್ಡತನ ಅಲ್ಲ. ಈಗ ಪ್ರಶ್ನೆ ಕೇಳಿ, ಕನ್ನಡದಲ್ಲೇ ಕೇಳಿ.