ನಡಾವಳಿ ಪುಸ್ತಕ ಮತ್ತು ಪಾಯಖಾನೆ ಬೀಗ

ನಮಸ್ಕಾರ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಮತ್ತು ಊರಿನ ಸಂಬಂಧದ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಎದುರಿಗೆ ಕೂತವರಲ್ಲಿ ಹೆಡ್‌ಮಾಸ್ಟರ್‌ಗಳೇ ಜಾಸ್ತಿ. ಹಾಗಾಗಿ ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ.

ನಾನು ಹೆಡ್‌ಮಾಸ್ಟರ್ ಆದ ಮೊದಲ ಎರಡು ವರ್ಷ ನಮ್ಮ ಶಾಲೆಯ ಎಸ್‌ಡಿಎಂಸಿ ಸಭೆಯನ್ನು ನಾನೊಬ್ಬನೇ ಕೂತು ಮುಗಿಸುತ್ತಿದ್ದೆ. ನಡಾವಳಿ ಪುಸ್ತಕದಲ್ಲಿ ‘ಸರ್ವಾನುಮತದಿಂದ ಒಪ್ಪಲಾಯಿತು’ ಅಂತ ಬರೆದು, ಏಳನೇ ಕ್ಲಾಸಿನ ಹುಡುಗನ ಕೈಲಿ ಮನೆಮನೆಗೆ ಕಳಿಸುತ್ತಿದ್ದೆ. ಸಂಜೆಯೊಳಗೆ ಸಹಿ, ಹೆಬ್ಬೆಟ್ಟು ಎಲ್ಲಾ ಬಂದಿರುತ್ತಿದ್ದವು. ಒಂದು ಸಲ ಪುಟದ ಮೇಲೆ ಶೇಂಗಾ ಚಟ್ನಿಯ ಎಣ್ಣೆ ಕಲೆಯೂ ಬಂದಿತ್ತು. ತಪಾಸಣೆಗೆ ಬಂದವರು ಪುಸ್ತಕ ತಿರುವಿ ಹಾಕಿ ‘ಹಾಜರಾತಿ ಭಾಳ ಚಲೋ ಇದೆ’ ಅಂದರು. ನಗಬೇಡಿ, ನಿಮ್ಮಲ್ಲೂ ಕೆಲವರ ಪುಸ್ತಕದಲ್ಲಿ ಅಂಥ ಕಲೆ ಇರಬಹುದು.

ಈ ಸಮಿತಿಗಳನ್ನು ಇದಕ್ಕಾಗಿ ಮಾಡಿದ್ದಲ್ಲ. ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆ ಶಿಫಾರಸು ಮಾಡಿ, 2001ರಲ್ಲಿ ನಮ್ಮ ರಾಜ್ಯದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು. 2009ರ ಶಿಕ್ಷಣ ಹಕ್ಕು ಕಾಯ್ದೆ ಬರೋದಕ್ಕೆ ಎಂಟು ವರ್ಷ ಮೊದಲೇ. ಆ ಕಾಯ್ದೆಯ 21ನೇ ಸೆಕ್ಷನ್ನು ಸ್ಪಷ್ಟವಾಗಿದೆ: ಸಮಿತಿಯಲ್ಲಿ ಕಡಿಮೆಯೆಂದರೂ ಮುಕ್ಕಾಲು ಪಾಲು ತಂದೆತಾಯಿ ಅಥವಾ ಪೋಷಕರು, ಅರ್ಧ ಹೆಂಗಸರು. ಹಿಂದುಳಿದ ಮನೆಗಳ ಪೋಷಕರಿಗೂ ಅವರ ಸಂಖ್ಯೆಗೆ ತಕ್ಕ ಜಾಗ. ಶಾಲೆಯ ಕೆಲಸ ನೋಡೋದು, ಅಭಿವೃದ್ಧಿ ಯೋಜನೆ ಮಾಡೋದು, ಬಂದ ಹಣ ಹೇಗೆ ಖರ್ಚಾಯಿತು ಅಂತ ಕಣ್ಣಿಡೋದು, ಇವು ಅವರ ಹಕ್ಕು. ನಾವು ಬರೀ ಸದಸ್ಯ ಕಾರ್ಯದರ್ಶಿಗಳು.

ಹಾಗಾದರೆ ಜನ ಯಾಕೆ ಬರೋದಿಲ್ಲ? ‘ಊರಿನವರಿಗೆ ಆಸಕ್ತಿ ಇಲ್ಲ’ ಅಂತ ನಾನೂ ಎಷ್ಟೋ ಸಲ ಅಂದಿದ್ದೇನೆ. ಆದರೆ ನಾನು ಸಭೆ ಕರೆಯುತ್ತಿದ್ದದ್ದು ಬೆಳಿಗ್ಗೆ 11ಕ್ಕೆ. ಅಷ್ಟೊತ್ತಿಗೆ ಸಮಿತಿಯ ಹೆಂಗಸರು ಹತ್ತಿ ಬಿಡಿಸುತ್ತಿರುತ್ತಾರೆ. ಸಭೆಗೆ ಬಂದರೆ ಆ ದಿನದ ಕೂಲಿ ಹೋಯಿತು. ನನಗೆ ಸಂಬಳ ಎಣಿಸಿಕೊಂಡು ಸಭೆ, ಅವರಿಗೆ ಸಂಬಳ ಕಳಕೊಂಡು ಸಭೆ!

ಉಪಾಯ ಹೇಳಿಕೊಟ್ಟದ್ದು ಯಾವ ತರಬೇತಿಯೂ ಅಲ್ಲ, ನಮ್ಮ ಅಡುಗೆಯವರು. ‘ಅಮಾಸಿ ದಿನಾ ಕರೀರಿ ಸರ್’ ಅಂದರು. ನಮ್ಮ ಕಡೆ ಅಮಾವಾಸ್ಯೆಗೆ ಎತ್ತು ಹೂಡೋದಿಲ್ಲ, ಊರಲ್ಲೇ ಇರುತ್ತಾರೆ. ಸಂಜೆ ಐದಕ್ಕೆ ಕರೆದೆ. ಕುರ್ಚಿ ತೆಗೆಸಿ ಎಲ್ಲರಿಗೂ ಜಮಖಾನ ಹಾಸಿದೆ. ಗಂಡಸರು ಕುರ್ಚಿಲಿ, ಹೆಂಗಸರು ಬಾಗಿಲ ಬಳಿ ಕೂತರೆ ಮಾತು ಬಾಗಿಲಲ್ಲೇ ಉಳಿಯುತ್ತದೆ, ಅಲ್ವಾ?

ಮೊದಲ ಅಮಾವಾಸ್ಯೆ ಸಭೆಯಲ್ಲಿ ನನ್ನ ಪಟ್ಟಿಯಲ್ಲಿದ್ದದ್ದು ಕಾಂಪೌಂಡ್ ಬಣ್ಣದ ವಿಷಯ. ಮೂಲೆಯಿಂದ ಒಬ್ಬ ತಾಯಿ ಕೇಳಿದರು: ‘ನಮ್ಮ ಹುಡುಗಿ ಸಾಲಿಗೆ ಬಂದ ದಿನ ನೀರs ಕುಡಿಯಂಗಿಲ್ರಿ, ಯಾಕ?’ ನನಗೆ ತಿಳಿಯಲಿಲ್ಲ. ಇನ್ನೊಬ್ಬರು ಬಿಡಿಸಿ ಹೇಳಿದರು. ಹುಡುಗಿಯರ ಪಾಯಖಾನೆಗೆ ಬೀಗ. ಹೊರಗಿನವರು ಬಂದು ಗಲೀಜು ಮಾಡುತ್ತಾರೆ ಅಂತ ನಾನೇ ಹಾಕಿಸಿದ್ದೆ. ಬೀಗದ ಕೈ ನನ್ನ ಡ್ರಾಯರ್‌ನಲ್ಲಿ. ಹತ್ತು ವರ್ಷದ ಹುಡುಗಿ ಗಂಡು ಮೇಷ್ಟ್ರ ಟೇಬಲ್ ಎದುರು ನಿಂತು ಅದನ್ನು ಕೇಳಬೇಕು. ಕೇಳೋದರ ಬದಲು ಅವರು ನೀರು ಕುಡಿಯೋದನ್ನೇ ಬಿಟ್ಟಿದ್ದರು.

ಕಾಗದದ ಮೇಲೆ ನಮ್ಮ ಶಾಲೆಯಲ್ಲಿ ಶೌಚಾಲಯ ಇತ್ತು. ಪ್ರತಿ ವರ್ಷದ ಮಾಹಿತಿಯಲ್ಲಿ ‘ಇದೆ, ಬಳಕೆಯಲ್ಲಿದೆ’ ಅಂತ ನಾನೇ ತುಂಬಿದ್ದೆ. ಮರುದಿನ ನಾಲ್ಕನೇ ಕ್ಲಾಸಿನ ಬಾಗಿಲ ಪಕ್ಕ, ಸಣ್ಣ ಮಕ್ಕಳ ಕೈಗೆ ಸಿಗೋ ಎತ್ತರದಲ್ಲಿ ಒಂದು ಮೊಳೆ ಹೊಡೆದು, ಬೀಗದ ಕೈಯನ್ನು ಅಲ್ಲಿ ತೂಗುಹಾಕಿದೆವು.

ಆಮೇಲೆ ದುಡ್ಡಿನ ಲೆಕ್ಕ. ನೂರರೊಳಗೆ ಮಕ್ಕಳಿದ್ದ ನಮ್ಮ ಶಾಲೆಗೆ ಸಮಗ್ರ ಶಿಕ್ಷಣ ಯೋಜನೆಯಿಂದ ವರ್ಷಕ್ಕೆ 25,000 ರೂಪಾಯಿ ಅನುದಾನ ಬರುತ್ತಿತ್ತು. ಅದರ ಖರ್ಚನ್ನು ಹೊರಗಿನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆಯಲು ಶುರು ಮಾಡಿದೆವು. ಪೊರಕೆ ಇಷ್ಟು, ಬಲ್ಬು ಇಷ್ಟು. ಓದು ಬಾರದವರಿಗೆ ಮಕ್ಕಳೇ ಓದಿ ಹೇಳುತ್ತಿದ್ದರು. ‘ಸಂತೆಯಲ್ಲಿ ಪೊರಕೆ ಇದಕ್ಕಿಂತ ಅಗ್ಗ’ ಅಂತ ನನ್ನ ಜೊತೆ ಜಗಳಕ್ಕೂ ಬಂದರು. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಪೊರಕೆ ತರೋ ಕೆಲಸವನ್ನೇ ಅವರಿಗೆ ಬಿಟ್ಟೆ.

ಎಲ್ಲಾ ಸರಿಹೋಯಿತು ಅಂತ ಹೇಳುತ್ತಿಲ್ಲ. ಅಧ್ಯಕ್ಷರ ಆಯ್ಕೆಗೆ ಪಂಚಾಯ್ತಿ ರಾಜಕೀಯ ನುಗ್ಗೋದನ್ನು ನನ್ನ ಕೈಲಿ ತಡೆಯೋಕೆ ಆಗಲಿಲ್ಲ. ಇನ್ನೊಂದು ತೊಡಕೂ ಇದೆ. ಮಗು ಶಾಲೆ ಬಿಟ್ಟ ದಿನ ಪೋಷಕರ ಸದಸ್ಯತ್ವವೂ ಮುಗಿಯುತ್ತದೆ. ಕೇಳೋದು ಕಲಿತವರು ಹೊರಗೆ, ಹೊಸಬರು ಒಳಗೆ, ಮತ್ತೆ ಮೊದಲಿಂದ ಶುರು.

ನೀರಿನ ಪ್ರಶ್ನೆ ಕೇಳಿದ ತಾಯಿಯ ಮಗಳು ಏಳನೇ ಕ್ಲಾಸು ಮುಗಿಸಿ ಹೈಸ್ಕೂಲಿಗೆ ಹೋದಳು. ನಾನು ನಡಾವಳಿ ಪುಸ್ತಕದಲ್ಲಿ ಅವರ ಹೆಸರಿಗೆ ಗೆರೆ ಎಳೆದೆ. ಮುಂದಿನ ಅಮಾವಾಸ್ಯೆಗೆ ಅವರು ಬಂದೇ ಬಂದರು, ಪಕ್ಕದ ಮನೆಯ ಹೊಸ ಸದಸ್ಯೆಯ ಕೈ ಹಿಡಿದುಕೊಂಡು. ‘ಈಕಿ ಒಬ್ಬಾಕಿನೇ ಬರಾಕ ಅಂಜತಾಳ್ರಿ’ ಅಂದರು. ಸಹಿ ಮಾಡುವಂತಿರಲಿಲ್ಲ. ಜಮಖಾನದ ಮೇಲೆ ಜಾಗ ಇತ್ತು, ಕೂತರು.