ಕಾಗದದ ಕೌದಿ

ಕೇಳುಗರಿಗೆ ನಮಸ್ಕಾರ.

ಇವತ್ತು ಸ್ಟುಡಿಯೋಗೆ ಬರುವಾಗ ಚೀಲದಲ್ಲಿ ದಪ್ಪ ಕಾಗದದ ಎರಡು ತುಂಡು ಹಾಕಿಕೊಂಡು ಬಂದಿದ್ದೇನೆ. ಕಾರ್ಡ್ ಮಾಡುವುದನ್ನು ಬಾನುಲಿಯಲ್ಲಿ ತೋರಿಸಲು ಬರುವುದಿಲ್ಲ, ಆದರೆ ಕೇಳಿಸಬಹುದು. ಮೊದಲ ತುಂಡನ್ನು ಮೈಕಿನ ಹತ್ತಿರ ಹಿಡಿದು ಮಡಚುತ್ತೇನೆ. ಏನೂ ಕೇಳಿಸಲಿಲ್ಲ ಅಲ್ವಾ? ಈಗ ಎರಡನೆಯದು. ಹಪ್ಪಳ ಮುರಿದ ಹಾಗೆ ಚಟಚಟ ಅಂತು.

ಎರಡೂ ಒಂದೇ ಹಾಳೆಯಿಂದ ಕತ್ತರಿಸಿದ್ದು. ಕಟ್ಟಿಗೆಗೆ ಇರುವ ಹಾಗೆ ಕಾಗದಕ್ಕೂ ಎಳೆ ಇರುತ್ತದೆ. ಕಾರ್ಖಾನೆಯಲ್ಲಿ ನಾರು ಕಲಸಿದ ನೀರನ್ನು ಓಡುವ ಜಾಲರಿಯ ಮೇಲೆ ಬಿಡುತ್ತಾರೆ. ಜಾಲರಿ ಯಾವ ಕಡೆ ಓಡುತ್ತದೋ ಹೆಚ್ಚಿನ ನಾರು ಅದೇ ಕಡೆ ತಲೆ ಹಾಕಿ ಮಲಗುತ್ತದೆ. ಎಳೆಯ ಉದ್ದಕ್ಕೆ ಮಡಚಿದರೆ ಕಾಗದ ಸುಮ್ನೆ ಬಗ್ಗುತ್ತದೆ. ಅಡ್ಡ ಮಡಚಿದರೆ ನಾರು ಮುರಿಯುತ್ತದೆ, ಮಡಿಕೆಯ ಮೇಲೆ ಬಿಳಿ ಬಿರುಕು ಕಾಣುತ್ತದೆ. ಹಾಳೆಯನ್ನು ಮಡಿಕೆ ಬೀಳದ ಹಾಗೆ ಎರಡೂ ಕಡೆಯಿಂದ ಮೆಲ್ಲಗೆ ಬಗ್ಗಿಸಿ ನೋಡಿ. ಹಟ ಮಾಡದೆ ಬಗ್ಗಿದಾಗ ಮಡಿಕೆಯ ಗೆರೆ ಯಾವ ಕಡೆಗೆ ಬೀಳಬೇಕೋ ಅದೇ ಎಳೆಯ ದಿಕ್ಕು. ಆಮೇಲೆ ಸ್ಟೀಲ್ ಸ್ಕೇಲ್ ಇಟ್ಟು, ಶಾಯಿ ಮುಗಿದ ರೀಫಿಲ್‌ನಿಂದ ಒಂದು ಗೀರು ಒತ್ತಿ, ಅದರ ಮೇಲೆ ಮಡಚಬೇಕು. ಇಷ್ಟು ಕಲಿಯಲು ನನಗೆ ಎರಡು ವರ್ಷ ಬೇಕಾಯಿತು. ಯಾರೂ ಹೇಳಿಕೊಡಲಿಲ್ಲ, ನಾನೂ ಕೇಳಲಿಲ್ಲ.

ನನ್ನದು ಗಣಿತ ಕಲಿಸುವ ಕೆಲಸ. ಕಾರ್ಡ್ ಮಾಡುವುದು ಹವ್ಯಾಸ. ಮನೆಯವರ ಪ್ರಕಾರ ಅದು ಕಸ ಮಾಡುವ ಹವ್ಯಾಸ.

ನಮ್ಮ ಕಡೆ ಶುಭಾಶಯ ಕೈಯಿಂದ ಕೈಗೆ ಹೋಗುವ ವಸ್ತು. ದಸರೆಗೆ ಬನ್ನಿ ಎಲೆ ಕೊಟ್ಟು "ಬನ್ನಿ ತೊಗೊಂಡು ಬಂಗಾರದಂಗ ಇರೂಣು" ಅನ್ನುತ್ತೇವೆ. ಸಂಕ್ರಾಂತಿಗೆ ಕುಸುರೆಳ್ಳು ಕೊಟ್ಟು ಒಳ್ಳೆ ಮಾತಾಡೋಣ ಅನ್ನುತ್ತೇವೆ. ದೂರದವರಿಗೆ ಹೇಗೆ ಕೊಡುವುದು? ನಾನು ಚಿಕ್ಕವಳಿದ್ದಾಗ ಅದಕ್ಕೆ ಸಂಕ್ರಾಂತಿ ಕಾರ್ಡ್ ಇತ್ತು. ಹಬ್ಬಕ್ಕೆ ಹದಿನೈದು ದಿನ ಮೊದಲೇ ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಅಂಗಡಿಗಳಲ್ಲಿ ದಾರ ಕಟ್ಟಿ ನೇತು ಹಾಕುತ್ತಿದ್ದರು. ಕಬ್ಬು, ಮಣ್ಣಿನ ಗಡಿಗೆ, ಹೂವಿನ ಮೇಲೆ ಮಿರಿಮಿರಿ ಪುಡಿ. ಅದರೊಳಗೆ ಸಣ್ಣ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಹತ್ತು ಹನ್ನೆರಡು ಕಾಳು ಕುಸುರೆಳ್ಳು ಇಟ್ಟು ಕಳಿಸುವುದು ರೂಢಿ. ಲಕೋಟೆಯ ಬಾಯಿ ಅಂಟಿಸದೆ ಒಳಗೆ ಸೇರಿಸಿ, ಮೇಲೆ "ಬುಕ್ ಪೋಸ್ಟ್" ಎಂದು ಬರೆದರೆ ಆಗ ಅಂಚೆ ಚೀಟಿಯ ಖರ್ಚು ಕಡಿಮೆ ಆಗುತ್ತಿತ್ತು. ಕೆಲವು ಕಾಳು ದಾರಿಯಲ್ಲೇ ಯಾರದೋ ಬಾಯಿಗೆ ಹೋಗುತ್ತಿದ್ದವು ಎಂಬ ಅನುಮಾನ ನನಗೆ ಈಗಲೂ ಇದೆ.

ಅಚ್ಚಾದ ಕ್ರಿಸ್‌ಮಸ್ ಕಾರ್ಡಿನ ಹುಟ್ಟಿನ ಕಥೆ ಗೊತ್ತಾದಾಗ ನನಗೆ ನಗು ಬಂತು. 1843ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಕೋಲ್ ಎಂಬ ಅಧಿಕಾರಿಗೆ ಕ್ರಿಸ್‌ಮಸ್ ಸಮಯದಲ್ಲಿ ಎಲ್ಲರಿಗೂ ಪತ್ರ ಬರೆಯಲು ಪುರುಸೊತ್ತಿರಲಿಲ್ಲ. ಜಾನ್ ಹಾರ್ಸ್‌ಲಿ ಎಂಬ ಚಿತ್ರಕಾರರಿಂದ ಒಂದು ಚಿತ್ರ ಬರೆಸಿ ಸುಮಾರು 1000 ಪ್ರತಿ ಅಚ್ಚು ಹಾಕಿಸಿದ. ತನಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಒಂದು ಶಿಲಿಂಗ್‌ಗೆ ಒಂದರಂತೆ ಮಾರಾಟಕ್ಕೆ ಬಿಟ್ಟ. ಅಂದರೆ ಬರೆಯುವುದನ್ನು ತಪ್ಪಿಸಿಕೊಳ್ಳಲು ಹುಟ್ಟಿದ್ದು ಅಚ್ಚಿನ ಕ್ರಿಸ್‌ಮಸ್ ಕಾರ್ಡ್. ಈಗ ನಾವು ಮೊಬೈಲಿನಲ್ಲಿ ಬಂದ ಗುಲಾಬಿ ಹೂವನ್ನು ಬೆಳಗ್ಗೆ ಎದ್ದು ನಲವತ್ತು ಜನಕ್ಕೆ ದಾಟಿಸುತ್ತೇವಲ್ಲ, ಅದೂ ಅವನ ವಂಶದ್ದೇ.

ನಾನು ಕೈಯಲ್ಲಿ ಮಾಡುವುದು ಅದರ ಉಲ್ಟಾ ಕೆಲಸ. ಒಂದು ಕಾರ್ಡ್, ಒಬ್ಬರಿಗೆ. ಒಳಗಿನ ಪುಟ ಖಾಲಿ. ಅಲ್ಲಿ ಪೆನ್ನಿನಿಂದ ನಾಲ್ಕು ಸಾಲು ಬರೆಯಲೇಬೇಕು. ಹೊರಗಿನ ಚಿತ್ರ ಎಷ್ಟೇ ಚಂದ ಇರಲಿ, ಒಳಗೆ "ಶುಭಾಶಯಗಳು" ಎಂದು ಮಾತ್ರ ಬರೆದು ಮುಗಿಸಿದರೆ ನನ್ನ ಲೆಕ್ಕದಲ್ಲಿ ಅದು ಮಾಡಿದ ಕಾರ್ಡೇ ಅಲ್ಲ.

ಲೆಕ್ಕ ಅಂದ ಮೇಲೆ ಒಂದು ಲೆಕ್ಕ ಮಾಡೋಣ. ಕಾಗದದ ಪೊಟ್ಟಣದ ಮೇಲೆ ಜಿಎಸ್‌ಎಂ ಎಂದು ಬರೆದಿರುತ್ತದೆ. ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಅಂತ. ಹದಿನಾರು ಎ4 ಹಾಳೆ ಜೋಡಿಸಿದರೆ ಒಂದು ಚದರ ಮೀಟರ್ ಆಗುತ್ತದೆ. ಕಾರ್ಡಿಗೆ ಬೇಕಾದ 250 ಜಿಎಸ್‌ಎಂ ಹಾಳೆಯನ್ನು ಹದಿನಾರರಿಂದ ಭಾಗಿಸಿ. ಒಂದು ಎ4 ಹಾಳೆ 15 ಗ್ರಾಂ ಮೇಲೆ ಸ್ವಲ್ಪ. ಅದನ್ನು ಅರ್ಧಕ್ಕೆ ಮಡಚಿ ದೊಡ್ಡ ಕಾರ್ಡ್ ಮಾಡಿ ಲಕೋಟೆಗೆ ಹಾಕಿದರೆ 20 ಗ್ರಾಂ ದಾಟುತ್ತದೆ. ಅಂಚೆಯಲ್ಲಿ ಮೊದಲ ದರ 20 ಗ್ರಾಂ ತನಕ ಮಾತ್ರ. ಅದೇ ಹಾಳೆಯನ್ನು ಮೊದಲು ಎರಡಾಗಿ ಕತ್ತರಿಸಿ, ಆಮೇಲೆ ಮಡಚಿ. ಎರಡು ಕಾರ್ಡ್ ಆಯಿತು. ಲಕೋಟೆ ಸೇರಿ ಒಂದೊಂದು ಹನ್ನೆರಡು ಗ್ರಾಂ. ಉಳಿದ ಎಂಟು ಗ್ರಾಂ ಕುಸುರೆಳ್ಳಿಗೆ! ಪೊಟ್ಟಣವನ್ನು ಕೆಳಗಿನ ಎಡ ಮೂಲೆಗೆ ಅಂಟಿಸಿ. ಮೇಲಿನ ಬಲ ಮೂಲೆಯಲ್ಲಿ ಅಂಚೆ ಚೀಟಿ ಇರುತ್ತದೆ, ಮೊಹರಿನ ಪೆಟ್ಟು ಬೀಳುವುದು ಅಲ್ಲೇ. ನಾನು ಒಂದು ವರ್ಷ ತಪ್ಪು ಮೂಲೆಗೆ ಅಂಟಿಸಿ, ಧಾರವಾಡದ ತಂಗಿಗೆ ಸಕ್ಕರೆ ಪುಡಿ ಕಳಿಸಿದ್ದೆ.

ಸಾಮಾನಿಗೆ ಜಾಸ್ತಿ ಖರ್ಚು ಮಾಡಬೇಡಿ. ಲಗ್ನದ ಸೀಸನ್ ಮುಗಿದ ಮೇಲೆ ಪ್ರತಿ ಮನೆಯಲ್ಲೂ ಲಗ್ನಪತ್ರಿಕೆಯ ಗುಡ್ಡೆ ಇರುತ್ತದೆ. ಅಷ್ಟು ಒಳ್ಳೆಯ ದಪ್ಪ ಕಾಗದ ಅಂಗಡಿಯಲ್ಲಿ ಕೊಳ್ಳಲು ಹೋದರೆ ಕೈ ಸುಡುತ್ತದೆ. ಒಂದೇ ತೊಂದರೆ, ಮೇಲೆ ಗಣಪತಿ ಇರುತ್ತಾನೆ. ಅವನಿಗೆ ಕತ್ತರಿ ಹಾಕಲು ಮನಸ್ಸು ಬರುವುದಿಲ್ಲ. ಸುತ್ತಲಿನ ಬಳ್ಳಿ ಮಾತ್ರ ಕತ್ತರಿಸಿ, ಗಣಪತಿಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಹಾಕಿ ಇಟ್ಟಿದ್ದೇನೆ. ಡಬ್ಬಿ ತುಂಬಿದೆ. ಹಳೆಯ ಕ್ಯಾಲೆಂಡರಿನ ಕಥೆಯೂ ಅಷ್ಟೇ. ಕ್ಯಾಲೆಂಡರಿನ ದೇವರುಗಳಿಗೆ ಅಷ್ಟು ಜೀವಂತ ಮುಖ ಕೊಟ್ಟವರಲ್ಲಿ ಎಸ್. ಎಂ. ಪಂಡಿತರು ನಮ್ಮ ಕಲಬುರಗಿಯಲ್ಲೇ 1916ರಲ್ಲಿ ಹುಟ್ಟಿದವರು. ಅಂಥ ಚಿತ್ರಕ್ಕೆ ಯಾರು ಕತ್ತರಿ ಹಾಕುತ್ತಾರೆ ಹೇಳಿ?

ಅಂಟಿನ ವಿಷಯ ಬೇಗ ಹೇಳಿಬಿಡುತ್ತೇನೆ. ಫೆವಿಕಾಲ್ ಜಾಸ್ತಿ ಹಚ್ಚಿದರೆ ಕಾಗದ ಸುಕ್ಕಾಗುತ್ತದೆ. ತೆಳ್ಳಗೆ ಹಚ್ಚಿ, ಮೇಲೆ ಭಾರ ಇಡಿ. ನನ್ನ ಭಾರ ಒಂದು ತುಂಡು ಶಹಾಬಾದ್ ಪರಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲು. ಮನೆ ಕಟ್ಟುವಾಗ ಉಳಿದದ್ದು. ಅಷ್ಟು ಸಪಾಟಾದ ಭಾರ ಬೇರೆ ಸಿಗುವುದಿಲ್ಲ. ಇನ್ನು ಬೇಳೆ ಕಾಳು ಅಂಟಿಸಿ ಚಿತ್ರ ಮಾಡುವುದನ್ನು ಮಕ್ಕಳಿಗೆ ಶಾಲೆಯಲ್ಲಿ ಕಲಿಸುತ್ತಾರೆ. ನಾನೂ ತೊಗರಿ ಬೇಳೆಯಲ್ಲಿ ಒಂದು ನವಿಲು ಮಾಡಿದ್ದೆ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ನುಸಿಗಳಿಗೂ ಆ ಸುದ್ದಿ ಮುಟ್ಟಿರಬೇಕು. ಮೂರು ತಿಂಗಳಲ್ಲಿ ನವಿಲಿನ ಗರಿಗೆಲ್ಲ ತೂತು.

ನಾನು ಮಾಡಿದ್ದರಲ್ಲಿ ನನಗೆ ಬಹಳ ಇಷ್ಟದ ಕಾರ್ಡ್ ಹೊಳೆದದ್ದು ಬೀದರಿನಲ್ಲಿ. ಬಿದ್ರಿ ಪಾತ್ರೆ ನೋಡಿದ್ದೀರಿ, ಕಪ್ಪಿನ ಮೇಲೆ ಬೆಳ್ಳಿಯ ಬಳ್ಳಿ. ಒಮ್ಮೆ ಬೀದರಿನಲ್ಲಿ ಒಬ್ಬ ಕುಶಲಕರ್ಮಿಯ ಪಕ್ಕ ಅರ್ಧ ದಿನ ಕೂತಿದ್ದೆ. ಸತುವೇ ಹೆಚ್ಚಿರುವ, ಸ್ವಲ್ಪ ತಾಮ್ರ ಸೇರಿದ ಲೋಹ. ಎರಕ ಹೊಯ್ದಾಗ ಅದು ಬೂದು ಬಣ್ಣ. ಅದಕ್ಕೆ ಮೈಲುತುತ್ತದ ನೀರು ಸವರುತ್ತಾರೆ. ತಾತ್ಕಾಲಿಕವಾಗಿ ಕಪ್ಪಾಗುತ್ತದೆ, ಉಳಿಯಿಂದ ಗೀಚಿದ ಗೆರೆ ಎದ್ದು ಕಾಣುತ್ತದೆ. ಆ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸಿ ಬಡಿಯುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಸೇರಿಸಿ ಕಲಸಿ ಬಿಸಿ ಪಾತ್ರೆಗೆ ಉಜ್ಜಿದಾಗ ಲೋಹ ಕಡುಕಪ್ಪು, ಬೆಳ್ಳಿ ಹಾಗೇ ಬೆಳ್ಳಗೆ. ಬಂದವಳೇ ಕಪ್ಪು ಕಾರ್ಡ್, ಬೆಳ್ಳಿ ಬಣ್ಣದ ಜೆಲ್ ಪೆನ್ ತಂದೆ. ಬಳ್ಳಿಯ ಚಿತ್ರ ತೆಳು ಕಾಗದದಲ್ಲಿ ಬರೆದು, ಅದರ ಬೆನ್ನಿಗೆ ಸುಣ್ಣದ ಬಳಪ ಉಜ್ಜಿ, ಕಪ್ಪು ಕಾರ್ಡಿನ ಮೇಲಿಟ್ಟು ಗೆರೆ ಒತ್ತಿದೆ. ಬಿಳಿ ಗೆರೆ ಇಳಿಯಿತು. ಅದರ ಮೇಲೆ ಪೆನ್. ಕೈ ಎತ್ತದೆ ಒಂದೇ ಎಳೆಯಲ್ಲಿ ಎಳೆಯಬೇಕು, ನಿಲ್ಲಿಸಿದಲ್ಲಿ ಶಾಯಿಯ ಗಂಟು ಬೀಳುತ್ತದೆ. ಒಂದು ಮಾತು. ಮೈದಾ ಅಂಟಿಗೆ ಹುಳ ಬೀಳದಂತೆ ಪುಸ್ತಕ ಕಟ್ಟುವವರು ಹಾಕುವುದೂ ಇದೇ ಮೈಲುತುತ್ತ. ಅದು ವಿಷ. ಮಕ್ಕಳು ಕೂತು ಮಾಡುವಲ್ಲಿ ಬೇಡ.

ಈಗ ಕಂಪ್ಯೂಟರಿನ ಕಡೆ ಹೋಗೋಣ. ಡಿಜಿಟಲ್ ಸ್ಕ್ರಾಪ್‌ಬುಕ್ ಅಂದಾಗ ನನ್ನ ತಾಯಿ, "ಅಂದ್ರ ಏನದು?" ಎಂದು ಕೇಳಿದರು. "ಕೌದಿ" ಅಂದೆ. ಅವರಿಗೆ ತಕ್ಷಣ ತಿಳಿಯಿತು. ಹಳೆ ಸೀರೆ, ಹಳೆ ಅಂಗಿ, ತುಂಡು ತುಂಡು ಜೋಡಿಸಿ ಹೊಲಿಯುವುದು. ಹೊದ್ದುಕೊಂಡಾಗ ಇದು ಅತ್ತೆಯ ಸೀರೆ, ಇದು ತಮ್ಮನ ಅಂಗಿ ಎಂದು ಬೆರಳಿಟ್ಟು ತೋರಿಸುವುದು. ಪರದೆಯ ಮೇಲೂ ಅಷ್ಟೇ. ತಳದಲ್ಲಿ ಒಂದು ಹಾಳೆ, ಮೇಲೆ ಫೋಟೋ, ಅದರ ಮೇಲೆ ಒಂದು ಎಲೆ, ಒಂದು ಗುಂಡಿ, ಒಂದು ಸಾಲು ಬರಹ. ಒಂದೊಂದೂ ಬೇರೆ ಲೇಯರ್, ಅಂದರೆ ಬೇರೆ ಪದರ. ಬೇಕಾದಾಗ ಸರಿಸಬಹುದು, ಬೇಡವಾದರೆ ಕಿತ್ತರೂ ಕೆಳಗಿನದಕ್ಕೆ ಗಾಯವಿಲ್ಲ. ದುಡ್ಡು ಕೊಡಬೇಕಿಲ್ಲದ ಗಿಂಪ್ ಎಂಬ ತಂತ್ರಾಂಶವೇ ನನಗೆ ಸಾಕಾಗಿದೆ. ತಳದ ಹಾಳೆಗೆ ನಾನು ಅಂತರ್ಜಾಲದ ಹೂವು ತರುವುದಿಲ್ಲ. ಬೀದರಿನ ಮಹಮೂದ್ ಗವಾನ್ ಮದರಸಾದ ಗೋಡೆಯಲ್ಲಿ ಉಳಿದಿರುವ ನೀಲಿ ಹೆಂಚಿನ ಚೂರು, ಕೋಟೆಯ ಕೆಂಪು ಕಲ್ಲು, ನಮ್ಮ ಮನೆಯ ಕೌದಿ, ಇವನ್ನೇ ಮೊಬೈಲಿನಲ್ಲಿ ನೇರವಾಗಿ ನಿಂತು ತೆಗೆದಿಟ್ಟುಕೊಂಡಿದ್ದೇನೆ.

ಪುಟದ ಅಳತೆ ಸಾಮಾನ್ಯವಾಗಿ 12 ಇಂಚು ಅಗಲ, 12 ಇಂಚು ಉದ್ದ. ಅಚ್ಚಿಗೆ ಇಂಚಿಗೆ 300 ಚುಕ್ಕಿ ಬೇಕು. ಒಂದು ಸಾಲಿಗೆ 3600 ಚುಕ್ಕಿ, ಅಂಥ 3600 ಸಾಲು. ಒಟ್ಟು ಒಂದು ಕೋಟಿ ಮೂವತ್ತು ಲಕ್ಷದ ಹತ್ತಿರ. ಇಷ್ಟು ಚುಕ್ಕಿಯ ರಂಗೋಲಿ ಅಂಗಳದಲ್ಲಿ ಯಾರೂ ಹಾಕಿಲ್ಲ! ಆದ್ದರಿಂದಲೇ ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಬಂದ ಫೋಟೋ ಪುಟ ತುಂಬ ಹಿಗ್ಗಿಸಿದರೆ ಮಸುಕಾಗುತ್ತದೆ. ಕಳಿಸುವಾಗಲೇ ಅದು ಚುಕ್ಕಿ ಉದುರಿಸಿರುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಲು ಹೇಳಿ, ಪೂರ್ತಿ ಬರುತ್ತದೆ. ಇನ್ನೊಂದು, ಫೋಟೋಗೆ ನೆರಳು ಕೊಡುವಾಗ ಎಲ್ಲ ತುಂಡಿನ ನೆರಳೂ ಒಂದೇ ಕಡೆ ಬೀಳಬೇಕು. ಒಂದೇ ಪುಟದಲ್ಲಿ ಎರಡು ಸೂರ್ಯ ಬೇಡ. ನಮ್ಮ ಊರಿಗೆ ಇರುವ ಒಬ್ಬನೇ ಜಾಸ್ತಿಯಾಗಿದ್ದಾನೆ.

ನನಗೆ ತಲೆನೋವು ಕೊಟ್ಟಿದ್ದು ಕನ್ನಡ ಅಕ್ಷರ. ಕೆಲವು ತಂತ್ರಾಂಶಗಳಲ್ಲಿ "ಅಮ್ಮ" ಎಂದು ಟೈಪ್ ಮಾಡಿದರೆ ಒತ್ತು ಕೆಳಗೆ ಇಳಿಯುವುದೇ ಇಲ್ಲ, ಪಕ್ಕದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಭಾರತೀಯ ಲಿಪಿಗಳನ್ನು ಜೋಡಿಸುವ ವ್ಯವಸ್ಥೆಯನ್ನು ಅದರ ಸೆಟ್ಟಿಂಗ್‌ನಲ್ಲಿ ಆರಿಸಬೇಕು, ಯೂನಿಕೋಡ್ ಫಾಂಟ್ ಬಳಸಬೇಕು. ನೋಟೋ, ತೀರೋ ಕನ್ನಡ, ಬಾಲೂ ತಮ್ಮ, ಇವು ಉಚಿತವಾಗಿ ಸಿಗುತ್ತವೆ. ಆದರೆ ಇದೆಲ್ಲ ಗೊತ್ತಾಗುವ ಮೊದಲು ಸಿಟ್ಟಿನಲ್ಲಿ ನಾನು ಬೇರೆ ದಾರಿ ಹಿಡಿದೆ. ಬಿಳಿ ಹಾಳೆಯಲ್ಲಿ ಕಪ್ಪು ಪೆನ್ನಿನಿಂದ ಬರೆದು, ಫೋಟೋ ತೆಗೆದು, ಪುಟದ ಮೇಲೆ ಲೇಯರ್ ಆಗಿ ಇಟ್ಟೆ. ಲೇಯರಿನ ಮೋಡ್ ಅನ್ನು "ಮಲ್ಟಿಪ್ಲೈ" ಮಾಡಿದೆ. ಬಿಳಿ ಮಾಯವಾಯಿತು, ಬರಹ ಮಾತ್ರ ಉಳಿಯಿತು. ಈಗ ಫಾಂಟ್ ಸರಿಯಾಗಿದ್ದರೂ ನಾನು ಹೀಗೇ ಮಾಡುತ್ತೇನೆ. ತಾಯಿಯ ಫೋಟೋ ಪಕ್ಕ ತಾಯಿಯದೇ ಅಕ್ಷರ. ಅಜ್ಜಿಯ ಅಕ್ಷರ ಅವರ ಹಳೆಯ ದಿನಸಿ ಚೀಟಿಯಿಂದ ಎತ್ತಿದ್ದು: "ಬೆಲ್ಲ 2 ಕಿಲೋ, ಸಜ್ಜಿ ಹಿಟ್ಟು".

ಮೊದಲ ಆಲ್ಬಮ್ ಅಚ್ಚು ಹಾಕಿಸಲು ಊರಿನ ಒಂದು ಅಂಗಡಿಗೆ ಕೊಟ್ಟೆ. ಅಚ್ಚಾದ ಮೇಲೆ ಅಂಚು ಕತ್ತರಿಸುತ್ತಾರೆ ಎಂದು ಯಾರೂ ಹೇಳಲಿಲ್ಲ. ಅಂಚಿಗೆ ಹತ್ತಿಸಿ ಬರೆದಿದ್ದ ತಾಯಿಯ ಹೆಸರಿನ ಕೊನೆಯ ಎರಡು ಅಕ್ಷರ ಕಸದ ಬುಟ್ಟಿಗೆ ಹೋದವು. ಬರಹ, ಮುಖ ಯಾವುದನ್ನೂ ಅಂಚಿನಿಂದ ಅರ್ಧ ಇಂಚು ಒಳಗೇ ಇಡಿ.

ಹಳೆಯ ಫೋಟೋ ಸ್ಕ್ಯಾನ್ ಮಾಡಲು ಹೊರಟವರಿಗೆ ಒಂದು ಉಪಾಯ. ಎಂಬತ್ತರ ದಶಕದಲ್ಲಿ ಪ್ಲಾಸ್ಟಿಕ್ ಹಾಳೆ ಎತ್ತಿ ಒಳಗೆ ಅಂಟಿಸುವ ಆಲ್ಬಮ್ ಬಂದಿದ್ದವಲ್ಲ, ಅವುಗಳ ಅಂಟು ಈಗ ಹಳದಿಯಾಗಿ ಫೋಟೋ ಹಿಡಿದುಕೊಂಡಿದೆ. ಉಗುರಿನಿಂದ ಕೀಳಬೇಡಿ. ಹೊಲಿಗೆ ದಾರವನ್ನು ಫೋಟೋದ ಕೆಳಗೆ ತೂರಿಸಿ, ಎರಡೂ ತುದಿ ಹಿಡಿದು ಗರಗಸದ ಹಾಗೆ ಮೆಲ್ಲಗೆ ಎಳೆಯಿರಿ. ಬಿಡುತ್ತದೆ.

ಹಾಗೆ ಬಿಡಿಸಿದ ಒಂದು ಫೋಟೋ ನನ್ನ ಮುಂದಿದೆ. ಕಪ್ಪು ಬಿಳುಪಿನದು. ಬೆನ್ನ ಮೇಲೆ ಪೆನ್ಸಿಲ್‌ನಲ್ಲಿ "ಗಾಣಗಾಪುರ, 1968" ಎಂದಿದೆ. ಸಂಗಮದ ಹತ್ತಿರ ನಾಲ್ಕು ಜನ ಹೆಂಗಸರು ಸಾಲಾಗಿ ನಿಂತಿದ್ದಾರೆ. ಎಡದ ತುದಿಗೆ ನಮ್ಮ ಅಜ್ಜಿ. ಪಕ್ಕದಲ್ಲಿ ಅಜ್ಜಿಯ ತಂಗಿ. ಬಲ ತುದಿಯವರು ನಮ್ಮ ಓಣಿಯವರು. ಮೂರನೆಯವರು ಯಾರು? ತಾಯಿಗೆ ಗೊತ್ತಿಲ್ಲ. ಚಿಕ್ಕಪ್ಪನಿಗೆ ಗೊತ್ತಿಲ್ಲ. ಗೊತ್ತಿದ್ದ ಸೋದರತ್ತೆ ತೀರಿಕೊಂಡು ಆರು ವರ್ಷವಾಯಿತು. ಅವರು ಇದ್ದಾಗ ನಾನು ಈ ಆಲ್ಬಮ್ ತೆರೆದಿರಲಿಲ್ಲ.

ಈ ಫೋಟೋಗೂ ಒಂದು ಪುಟ ಮಾಡಿದ್ದೇನೆ. ತಳಕ್ಕೆ ಕೌದಿ, ಮೇಲೆ ಫೋಟೋ, ಕೆಳಗೆ ನಾಲ್ಕು ಗೆರೆ. ಮೂರು ಗೆರೆಯ ಮೇಲೆ ಹೆಸರು ಬರೆದಾಗಿದೆ. ಖಾಲಿ ಇರುವ ಗೆರೆಯವರು ಉಳಿದವರಿಗಿಂತ ಸ್ವಲ್ಪ ಎತ್ತರ. ಇಳಕಲ್ ಸೀರೆ, ಅಗಲ ದಡಿ. ಎಡಗೈಯಲ್ಲಿ ಹಿತ್ತಾಳೆ ತಂಬಿಗೆ. ಮೂವರು ಕ್ಯಾಮೆರಾ ಕಂಡು ಗಂಭೀರವಾಗಿ ನಿಂತಿದ್ದರೆ ಇವರೊಬ್ಬರು ನಗುತ್ತಿದ್ದಾರೆ. ಅಂದು ನಾಲ್ವರೂ ಒಂದೊಂದು ಪ್ರತಿ ತೆಗೆಸಿಕೊಂಡಿರಬೇಕು. ಕೇಳುತ್ತಿರುವವರಲ್ಲಿ ಯಾರದಾದರೂ ಮನೆಯ ಟ್ರಂಕಿನಲ್ಲಿ ಇದೇ ಫೋಟೋ ಇದ್ದರೆ, ದಯವಿಟ್ಟು ತಿರುಗಿಸಿ ಬೆನ್ನ ಮೇಲೆ ಏನಾದರೂ ಬರೆದಿದೆಯಾ ನೋಡಿ. ಕಲಬುರಗಿ ಆಕಾಶವಾಣಿಗೆ ಒಂದು ಕಾರ್ಡ್ ಬರೆದು ಹಾಕಿದರೆ ನನಗೆ ಮುಟ್ಟುತ್ತದೆ.

ನಮಸ್ಕಾರ.