ನೇಪಿಯನ್ ಟಿಕೆಟ್: ಕೆನಡಾದ ಸಂಸದರನ್ನು ಮೊದಲು ಆರಿಸುವವರು ಯಾರು?

ನಮಸ್ಕಾರ. 2025ರ ಮಾರ್ಚ್ 20ರಂದು ಕೆನಡಾದ ನೇಪಿಯನ್ ಕ್ಷೇತ್ರದ ಸಂಸದ ಚಂದ್ರ ಆರ್ಯ ಅವರಿಗೆ ಅವರದೇ ಲಿಬರಲ್ ಪಕ್ಷದಿಂದ ಪತ್ರವೊಂದು ಬಂತು. ಹೊಸದಾಗಿ ಸಿಕ್ಕ ಮಾಹಿತಿಯನ್ನು ಪರಿಶೀಲಿಸಿ ಅವರ ಉಮೇದುವಾರಿಕೆಯನ್ನು ರದ್ದು ಮಾಡಲಾಗಿದೆ ಎಂಬುದು ಅದರ ಸಾರ. ಆ ಮಾಹಿತಿ ಏನೆಂದು ಪಕ್ಷ ಜನರಿಗೆ ತಿಳಿಸಲಿಲ್ಲ. ಎರಡು ದಿನ ಕಳೆಯುವಷ್ಟರಲ್ಲಿ ಪ್ರಧಾನಿ ಮಾರ್ಕ್ ಕಾರ್ನಿ ಅದೇ ನೇಪಿಯನ್‌ನಿಂದ ಸ್ಪರ್ಧಿಸುತ್ತಾರೆ ಎಂಬ ಸುದ್ದಿ ಬಂತು. ಮರುದಿನ ಚುನಾವಣೆಯೇ ಘೋಷಣೆಯಾಯಿತು.

(ಪರದೆಯಲ್ಲಿ: ಒಟ್ಟಾವಾದ ನಕ್ಷೆ, ನೈಋತ್ಯ ಭಾಗದಲ್ಲಿ ನೇಪಿಯನ್)

ಆರ್ಯ ಅವರು ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನವರು. 2022ರ ಮೇ ತಿಂಗಳಲ್ಲಿ ಕೆನಡಾ ಸಂಸತ್ತಿನಲ್ಲಿ ಅವರು ಕನ್ನಡದಲ್ಲಿ ಮಾತನಾಡಿದ ದೃಶ್ಯವನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. 2015, 2019, 2021ರಲ್ಲಿ ನೇಪಿಯನ್ ಮತದಾರರು ಅವರನ್ನು ಗೆಲ್ಲಿಸಿದ್ದರು. 2025ರ ಜನವರಿಯಲ್ಲಿ ಪಕ್ಷದ ನಾಯಕತ್ವಕ್ಕೆ ಸ್ಪರ್ಧಿಸಲು ಹೊರಟಾಗಲೂ ಪಕ್ಷ ಅವರನ್ನು ತಡೆಯಿತು. ಭಾರತ ಸರ್ಕಾರದೊಂದಿಗಿನ ಒಡನಾಟವೇ ಟಿಕೆಟ್ ತಪ್ಪಲು ಕಾರಣ ಎಂದು ಆಮೇಲೆ ‘ಗ್ಲೋಬ್ ಆ್ಯಂಡ್ ಮೇಲ್’ ಪತ್ರಿಕೆ ವರದಿ ಮಾಡಿತು. ಆರ್ಯ ಅದನ್ನು ಅಲ್ಲಗಳೆದರು. ಖಲಿಸ್ತಾನಿ ಉಗ್ರವಾದದ ವಿರುದ್ಧ ತಾವು ಗಟ್ಟಿಯಾಗಿ ಮಾತನಾಡಿದ್ದೇ ಪಕ್ಷಕ್ಕೂ ತಮಗೂ ಇದ್ದ ಭಿನ್ನಾಭಿಪ್ರಾಯ ಎಂದರು.

ಯಾರು ಸರಿ, ಯಾರು ತಪ್ಪು ಎಂದು ತೀರ್ಪು ಕೊಡುವುದು ನನ್ನ ಉದ್ದೇಶವಲ್ಲ. ಆರ್ಯ ಕನ್ನಡಿಗರೆಂಬ ಕಾರಣಕ್ಕೆ ಅವರ ಪರ ವಕಾಲತ್ತು ವಹಿಸುತ್ತಲೂ ಇಲ್ಲ. ಪ್ರಧಾನಿಗೆ ಒಂದು ಕ್ಷೇತ್ರ ಬೇಕಿತ್ತು ಎಂಬುದೂ ನಿಜ. ಮಾರ್ಚ್ 14ರಂದು ಪ್ರಮಾಣವಚನ ಸ್ವೀಕರಿಸಿದಾಗ ಕಾರ್ನಿ ಸಂಸದರೇ ಆಗಿರಲಿಲ್ಲ. ನನ್ನ ತಕರಾರು ನೇಪಿಯನ್‌ನ ಲಿಬರಲ್ ಕಾರ್ಯಕರ್ತರ ಪರವಾಗಿ. ಹತ್ತು ವರ್ಷ ಮನೆಮನೆ ತಿರುಗಿ ಮತ ಕೇಳಿದ ಅವರನ್ನು, ಹಳಬರು ಹೋಗಬೇಕೇ, ಹೊಸಬರು ಬರಬೇಕೇ ಎಂದು ಯಾರೂ ಕೇಳಲಿಲ್ಲ. ಈ ಊರಿಗೆ ಮೇಲಿನಿಂದ ಬರುವ ಆದೇಶ ಹೊಸದಲ್ಲ. ನೇಪಿಯನ್ 2000ದ ಕೊನೆಯವರೆಗೆ ತನ್ನದೇ ಮೇಯರ್, ತನ್ನದೇ ನಗರಸಭೆ ಇದ್ದ ಪ್ರತ್ಯೇಕ ನಗರವಾಗಿತ್ತು. ಒಂಟಾರಿಯೋ ಪ್ರಾಂತ ಸರ್ಕಾರ ಕಾನೂನು ಮಾಡಿ 2001ರ ಜನವರಿ 1ರಿಂದ ಅದನ್ನು ಒಟ್ಟಾವಾದೊಳಗೆ ವಿಲೀನ ಮಾಡಿತು.

ಇದರ ಹಿಂದಿನ ವ್ಯವಸ್ಥೆಯನ್ನು ನೋಡೋಣ. ಕರ್ನಾಟಕದಲ್ಲಿ ಪಕ್ಷದ ಬಿ ಫಾರಂ ಇಲ್ಲದೆ ಪಕ್ಷದ ಚಿಹ್ನೆ ಸಿಗುವುದಿಲ್ಲವಲ್ಲ, ಕೆನಡಾದಲ್ಲೂ ಅಂಥದೇ ಒಂದು ಒಪ್ಪಿಗೆ ಪತ್ರ ಬೇಕು. ಹಿಂದೆ ಅಲ್ಲಿನ ಮತಪತ್ರದಲ್ಲಿ ಪಕ್ಷದ ಹೆಸರೇ ಇರುತ್ತಿರಲಿಲ್ಲ. 1970ರ ಕಾನೂನು ಪಕ್ಷದ ಹೆಸರನ್ನು ಮುದ್ರಿಸಲು ಅವಕಾಶ ಕೊಟ್ಟಿತು. ಒಂದೇ ಕ್ಷೇತ್ರದಲ್ಲಿ ಇಬ್ಬರು ಬಂದು ‘ನಾನೇ ಈ ಪಕ್ಷದವನು’ ಎಂದರೆ ಅಧಿಕಾರಿ ಯಾರನ್ನು ನಂಬಬೇಕು? ಅದಕ್ಕೆ ಪಕ್ಷದ ನಾಯಕರ ಸಹಿ ಇರಲಿ ಎಂದರು. ಕಚೇರಿ ಕೆಲಸದ ಗೊಂದಲ ತಪ್ಪಿಸಲು ಬಂದ ಆ ಸಹಿ ನಾಯಕರ ಕೈಗೆ ಚಾಟಿ ಕೊಟ್ಟಿತು.

ಅದರ ಮೊದಲ ದೊಡ್ಡ ಪ್ರಯೋಗ ನಡೆದದ್ದು 1974ರಲ್ಲಿ, ನ್ಯೂ ಬ್ರನ್ಸ್‌ವಿಕ್ ಪ್ರಾಂತದ ಮಾಂಕ್ಟನ್‌ನಲ್ಲಿ. ಅಲ್ಲಿನ ಮೇಯರ್ ಲೆನಾರ್ಡ್ ಜೋನ್ಸ್ ಫ್ರೆಂಚ್ ಭಾಷೆಗೆ ಸಮಾನ ಸ್ಥಾನ ಕೊಡುವುದನ್ನು ಕಡ್ಡಿ ಮುರಿದಂತೆ ವಿರೋಧಿಸುತ್ತಿದ್ದವರು. ಫ್ರೆಂಚ್ ಮಾತನಾಡುವ ಅಕೇಡಿಯನ್ನರು ದೊಡ್ಡ ಸಂಖ್ಯೆಯಲ್ಲಿರುವ ಊರು ಅದು. ಸ್ಥಳೀಯ ಸದಸ್ಯರು ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷದ ಅಭ್ಯರ್ಥಿಯಾಗಿ ಜೋನ್ಸ್ ಅವರನ್ನೇ ಆರಿಸಿದರು. ಪಕ್ಷದ ನಾಯಕ ರಾಬರ್ಟ್ ಸ್ಟ್ಯಾನ್‌ಫೀಲ್ಡ್ ಸಹಿ ಹಾಕಲು ನಿರಾಕರಿಸಿದರು. ಜೋನ್ಸ್ ಪಕ್ಷೇತರರಾಗಿ ನಿಂತು ಗೆದ್ದೇ ಬಿಟ್ಟರು.

ಆ ಸಹಿ ತಡೆಹಿಡಿದದ್ದು ಸರಿ ಎಂದೇ ನಾನು ಭಾವಿಸುತ್ತೇನೆ. ಎರಡು ಭಾಷೆಗಳ ಸಮಾನತೆಯನ್ನು ಒಪ್ಪಿದ ಪಕ್ಷ ಅದನ್ನು ಧಿಕ್ಕರಿಸುವವರಿಗೆ ಟಿಕೆಟ್ ಕೊಡಲಾರದು. ಆದರೆ ಸ್ಟ್ಯಾನ್‌ಫೀಲ್ಡ್ ಕಾರಣವನ್ನು ಬಹಿರಂಗವಾಗಿಯೇ ಇಟ್ಟುಕೊಂಡಿದ್ದರು. ಅವರು ನಿರಾಕರಿಸಿದ್ದು ಏಕೆ ಎಂದು ಮಾಂಕ್ಟನ್ ಮತದಾರರಿಗೆ ಗೊತ್ತಿತ್ತು. ಗೊತ್ತಿದ್ದೇ ಅವರು ತಮ್ಮ ತೀರ್ಮಾನ ಮಾಡಿದರು. ನೇಪಿಯನ್ ಮತದಾರರಿಗೆ ಸಿಕ್ಕದೇ ಹೋದದ್ದು ಅದೇ.

ಇದು ಲಿಬರಲ್ ಪಕ್ಷವೊಂದರ ರೋಗವಲ್ಲ. 2023ರಲ್ಲಿ ಒಂಟಾರಿಯೋದ ಆಕ್ಸ್‌ಫರ್ಡ್ ಉಪಚುನಾವಣೆಗೆ ಕನ್ಸರ್ವೇಟಿವ್ ಪಕ್ಷ ಅಭ್ಯರ್ಥಿಯನ್ನು ಆರಿಸಿದ ರೀತಿ ಎಷ್ಟು ಕಹಿ ಉಳಿಸಿತೆಂದರೆ, ನಿವೃತ್ತರಾಗಿದ್ದ ಅಲ್ಲಿನ ಕನ್ಸರ್ವೇಟಿವ್ ಸಂಸದರೇ ಲಿಬರಲ್ ಅಭ್ಯರ್ಥಿಗೆ ಬೆಂಬಲ ಘೋಷಿಸಿದರು. 2025ರಲ್ಲಿ ಬ್ರಿಟಿಷ್ ಕೊಲಂಬಿಯಾದ ಮಾಜಿ ಹಣಕಾಸು ಸಚಿವ ಮೈಕ್ ಡಿ ಯಾಂಗ್ ಅವರಿಗೆ ಅದೇ ಪಕ್ಷ ಆಯ್ಕೆಗೆ ಸ್ಪರ್ಧಿಸಲೂ ಬಿಡಲಿಲ್ಲ. ಅವರು ಪಕ್ಷೇತರರಾಗಿ ನಿಂತು ಸೋತರು. ಪಕ್ಷದ ನಾಯಕ ಪಿಯೆರ್ ಪೊಲಿಯೆವ್ ನೇಪಿಯನ್‌ನ ಪಕ್ಕದ ಕಾರ್ಲ್‌ಟನ್‌ನಲ್ಲಿ ಸೋತಾಗ, ದೂರದ ಆಲ್ಬರ್ಟಾದಲ್ಲಿ ಆಗಷ್ಟೇ ಗೆದ್ದಿದ್ದ ಸಂಸದರೊಬ್ಬರು ರಾಜೀನಾಮೆ ಕೊಟ್ಟು ಜಾಗ ಬಿಟ್ಟರು.

(ಪರದೆಯಲ್ಲಿ: ಹೆಸರುಗಳೇ ಇಲ್ಲದ ಮತಪತ್ರ)

ಆ ಆಲ್ಬರ್ಟಾ ಉಪಚುನಾವಣೆ ನಡೆದದ್ದು 2025ರ ಆಗಸ್ಟ್ 18ರಂದು. ಚುನಾವಣಾ ಪದ್ಧತಿಯನ್ನು ವಿರೋಧಿಸುವ ಗುಂಪೊಂದು ಹುರಿಯಾಳುಗಳನ್ನು ಸಾಲುಸಾಲಾಗಿ ನಿಲ್ಲಿಸಿದ್ದರಿಂದ ಕಣದಲ್ಲಿದ್ದವರು 214 ಮಂದಿ. ಅಷ್ಟೂ ಹೆಸರನ್ನು ಮುದ್ರಿಸಲಾಗದೆ ಮತದಾರರಿಗೆ ಖಾಲಿ ಗೆರೆಯೊಂದಿದ್ದ ಚೀಟಿಯನ್ನು ಕೊಟ್ಟರು. ತಮ್ಮ ಅಭ್ಯರ್ಥಿಯ ಹೆಸರನ್ನು ಅವರೇ ಬರೆಯಬೇಕಾಯಿತು. ಪೊಲಿಯೆವ್ ಭಾರೀ ಅಂತರದಿಂದ ಗೆದ್ದರು.

ಇದನ್ನು ಸರಿಪಡಿಸಲು ಪ್ರಯತ್ನ ನಡೆದಿಲ್ಲವೆಂದಲ್ಲ. ಕನ್ಸರ್ವೇಟಿವ್ ಸಂಸದ ಮೈಕಲ್ ಚಾಂಗ್ ತಂದ ಸುಧಾರಣಾ ಮಸೂದೆಯ ಮೊದಲ ರೂಪದಲ್ಲಿ ಒಪ್ಪಿಗೆ ಕೊಡುವ ಅಧಿಕಾರವನ್ನು ನಾಯಕರಿಂದ ಬಿಡಿಸಿ ಸ್ಥಳೀಯ ಘಟಕಕ್ಕೆ ಕೊಡುವ ಉದ್ದೇಶವಿತ್ತು. 2015ರಲ್ಲಿ ಅಂಗೀಕಾರವಾಗುವ ಹೊತ್ತಿಗೆ ಅದು ಸೊರಗಿತ್ತು. ನಾಯಕರ ಬದಲು ಪಕ್ಷ ನೇಮಿಸಿದವರು ಸಹಿ ಹಾಕಬಹುದು ಎಂಬಷ್ಟಕ್ಕೆ ನಿಂತಿತು. ಆ ನೇಮಕ ಮಾಡುವುದು ಅದೇ ಕೇಂದ್ರ ಕಚೇರಿ.

ಸ್ಥಳೀಯ ಸದಸ್ಯರಿಗೆ ಬಿಟ್ಟರೆ ಹೊರದೇಶಗಳು ಕೈಯಾಡಿಸುವುದಿಲ್ಲವೇ? ಈ ಆತಂಕವನ್ನು ತಳ್ಳಿಹಾಕುವಂತಿಲ್ಲ. ಕೆನಡಾ ಚುನಾವಣೆಗಳಲ್ಲಿ ಹೊರದೇಶಗಳ ಕೈವಾಡದ ತನಿಖೆಗೆ ನೇಮಕವಾದ ನ್ಯಾಯಮೂರ್ತಿ ಮರೀ-ಜೋಸೆ ಓಗ್ ಆಯೋಗ ತನ್ನ 2024ರ ಮಧ್ಯಂತರ ವರದಿಯಲ್ಲಿ, ಅಭ್ಯರ್ಥಿ ಆಯ್ಕೆಯ ಹಂತ ವಿದೇಶಿ ಹಸ್ತಕ್ಷೇಪಕ್ಕೆ ಬಾಗಿಲಾಗಬಹುದು ಎಂದು ಎಚ್ಚರಿಸಿತ್ತು. ಟೊರಾಂಟೋದ ಡಾನ್ ವ್ಯಾಲಿ ನಾರ್ತ್‌ನ 2019ರ ಲಿಬರಲ್ ಆಯ್ಕೆಗೆ ಚೀನಾದ ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ಕರೆತಂದ ಆರೋಪವನ್ನೂ ಅದು ಪರಿಶೀಲಿಸಿತು. ಆಗ 14 ವರ್ಷ ತುಂಬಿದ, ಆ ಕ್ಷೇತ್ರದ ನಿವಾಸಿ ಯಾರೇ ಆದರೂ, ಪೌರತ್ವ ಇಲ್ಲದಿದ್ದರೂ, ಪಕ್ಷದಲ್ಲಿ ನೋಂದಾಯಿಸಿಕೊಂಡಿದ್ದರೆ ಮತ ಹಾಕಬಹುದಿತ್ತು. ಇಂಥ ನಿಯಮ ಇಟ್ಟುಕೊಂಡವರು ಅದನ್ನು ಬಿಗಿ ಮಾಡಲಿ. ಕಿಂಡಿ ಇದೆಯೆಂದು ಸದಸ್ಯರ ಹಕ್ಕನ್ನೇ ಕಿತ್ತುಕೊಂಡರೆ, ಯಾರಿಗೂ ಲೆಕ್ಕ ಒಪ್ಪಿಸದ, ಪಕ್ಷದ ಕೇಂದ್ರ ಕಚೇರಿಯ ಸಮಿತಿಯೊಂದೇ ಉಳಿಯುತ್ತದೆ.

ನಾನು ಕೇಳುವುದು ಇಷ್ಟು. ಆಯ್ಕೆಯ ಮತದಾನ ಚುನಾವಣಾ ಸಂಸ್ಥೆ ಎಲೆಕ್ಷನ್ಸ್ ಕೆನಡಾದ ಮೇಲ್ವಿಚಾರಣೆಯಲ್ಲಿ ನಡೆಯಲಿ. ಪೌರರು, ಕಾಯಂ ನಿವಾಸಿಗಳು ಮಾತ್ರ ಮತ ಹಾಕಲಿ. ಸ್ಥಳೀಯರು ಆರಿಸಿದವರನ್ನು ಪಕ್ಷ ಕೈಬಿಟ್ಟರೆ ಲಿಖಿತ ಕಾರಣ ಕೊಡಲಿ. ಭದ್ರತೆಯ ಗುಟ್ಟು ಇದ್ದರೆ ಅದನ್ನು ನೋಡಲು ನ್ಯಾಯಾಧೀಶರೊಬ್ಬರಿರಲಿ.

ಕೆನಡಾದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ನಿಗದಿಯಂತೆ ನಡೆದರೆ ಮುಂದಿನ ಚುನಾವಣೆ 2029ರ ಅಕ್ಟೋಬರ್‌ನಲ್ಲಿ. ನೀವು ಬೆಂಬಲಿಸುವ ಪಕ್ಷದ ಸ್ಥಳೀಯ ಘಟಕಕ್ಕೆ ಈಗಲೇ ಬರೆದು ಕೇಳಿ: ಅಭ್ಯರ್ಥಿ ಆಯ್ಕೆಗೆ ಮತದಾನ ಇರುತ್ತದೆಯೇ, ಅದರಲ್ಲಿ ಭಾಗವಹಿಸಲು ಯಾವ ದಿನದೊಳಗೆ ಸದಸ್ಯರಾಗಬೇಕು? ಬಂದ ಉತ್ತರವನ್ನು ಕೆಳಗೆ ಬರೆಯಿರಿ.